ಚೆಲ್ಲದ ಕೋಶಗಳು

ಆ ಬೆಳಿಗ್ಗೆ ಗಾಳಿಗೆ ದಿಕ್ಕೇ ಇರಲಿಲ್ಲ. ಸೂರ್ಯ ಮೂಡುವ ಮೊದಲೇ ಎದ್ದು, ಬೀದಿಯ ಮಣ್ಣನ್ನೆಲ್ಲ ಬಾಚಿ ಒಮ್ಮೆ ಈ ಕಿಟಕಿಗೆ, ಒಮ್ಮೆ ಆ ಕಿಟಕಿಗೆ ಎರಚುತ್ತಿತ್ತು. ಬೆಳಕು ಹರಿದರೂ ಆಕಾಶ ಕದಡಿದ ನೀರಿನಂತೆಯೇ ಉಳಿಯಿತು. ಸಂಶೋಧನಾಲಯದ ಮೇಲಿನ ಮಹಡಿಯಲ್ಲಿ, ಜೀವಕೋಶ ಬೆಳೆಸುವ ಕೋಣೆಯ ಬಾಗಿಲ ಮುಂದೆ ನಾದಿನಿ ಮಂಡಿಯೂರಿ ಕೂತು ಸಂದಿಗೆ ಒದ್ದೆ ಬಟ್ಟೆ ತುರುಕುತ್ತಿದ್ದಳು. ಧೂಳಿನ ಒಂದು ಕಣ ಒಳಗೆ ಹೋದರೆ ಸಾಕು, ಅದರ ಬೆನ್ನೇರಿ ಬೂಷ್ಟು ಬರುತ್ತದೆ. ಬೂಷ್ಟು ಬಂತೆಂದರೆ ತಿಂಗಳುಗಟ್ಟಲೆ ಸಾಕಿದ್ದೆಲ್ಲ ಮಣ್ಣುಪಾಲು.

ಬೆನ್ನ ಹಿಂದೆ ಚಪ್ಪಲಿಯ ಸದ್ದು ಬಂದು ನಿಂತಿತು.

"ದಾರಿ ಬಿಡ್ತೀಯಾ?"

"ಬಟ್ಟೆ ಇಡ್ತಾ ಇದೀನಿ, ಮೇಡಂ. ಧೂಳು ಬರುತ್ತೆ."

"ಧೂಳಿಗಿಂತ ಕೆಟ್ಟದ್ದು ಬಾಗಿಲಲ್ಲೇ ಕೂತಿರುವಾಗ ಬಟ್ಟೆ ಏನು ಮಾಡುತ್ತೆ."

ನಾದಿನಿ ತಲೆಯೆತ್ತಲಿಲ್ಲ. ಮಾತಾಡಿದವಳು ಅವಳ ಅಣ್ಣನ ಹೆಂಡತಿ, ಆ ಮಹಡಿಗೆಲ್ಲ ಹಿರಿಯ ವಿಜ್ಞಾನಿ. ಅಣ್ಣ ಇದ್ದಾಗ ಕಾರಿಡಾರಿನ ಆ ತುದಿಯಿಂದಲೇ "ಅತ್ತಿಗೇ" ಎಂದು ಕೂಗಿ ಬೈಸಿಕೊಳ್ಳುತ್ತಿದ್ದವಳು ಈಗ ಎರಡು ವರ್ಷದಿಂದ "ಮೇಡಂ" ಅನ್ನುತ್ತಾಳೆ. ಎದುರಿಗೆ ಯಾರೂ ಇಲ್ಲದಿದ್ದರೂ ಹಾಗೆಯೇ ಅನ್ನುತ್ತಾಳೆ.

"ಮಧ್ಯಾಹ್ನ ಸಭೇಲಿ ವರದಿ ಓದ್ತೀನಿ," ಅತ್ತಿಗೆ ಹೇಳಿದಳು. "ನಿನ್ನ ವೈರಸ್ ಸತ್ತಿದೆ ಅಂತ ಬರೆದಿಲ್ಲ. ಮರ್ಯಾದೆಯಾಗಿ, ಈ ಕೋಶಗಳಲ್ಲಿ ಬೆಳೆಯಲಿಲ್ಲ ಅಂತ ಬರೆದಿದೀನಿ."

"ಬೇರೆ ಎಲ್ಲಾ ಕ್ಯಾನ್ಸರ್ ಕೋಶದಲ್ಲೂ ಅದು ಬೆಳೀತಿದೆ. ನಿಮ್ಮ ಕೈಗೆ ಬಂದಾಗ ಮಾತ್ರ ಸಾಯುತ್ತೆ."

"ನನ್ನ ಕೈಗೆ ಬಂದದ್ದೆಲ್ಲ ಸಾಯುತ್ತೆ ಅಂತ ನಿಮ್ಮಮ್ಮ ಆಗಲೇ ಬೀದಿಗೆಲ್ಲ ಹೇಳಿ ಆಗಿದೆಯಲ್ಲ. ನೀನು ಹೊಸದೇನು ಹೇಳಿದೆ?"

ಅತ್ತಿಗೆ ಕಾಲಿನಿಂದಲೇ ಬಟ್ಟೆಯನ್ನು ಸರಿಸಿ, ಬಾಗಿಲು ತೆಗೆದು ಒಳಗೆ ಹೋದಳು. ನಾದಿನಿ ಬಟ್ಟೆಯನ್ನು ಮತ್ತೆ ಎಳೆದು ಸರಿಮಾಡಿದಳು. ಮಾತಿಗೆ ಮಾತು ಕೊಡುವುದಕ್ಕಿಂತ ಬಾಗಿಲು ಭದ್ರವಾಗಿರುವುದು ಮುಖ್ಯ. ಒಳಗಿರುವುದು ಅವಳ ಅಣ್ಣ.

ಅಣ್ಣ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು. ಒಂದು ದಿನ ಬೋರ್ಡಿನ ಮೇಲೆ ನೆಟ್ಟಗೆ ಗೆರೆ ಎಳೆಯಲು ಹೋದ ಕೈ ಪಕ್ಕಕ್ಕೆ ಜಾರಿತು. ತಲೆಯೊಳಗೆ ಗೆಡ್ಡೆ. ಆಪರೇಷನ್ನಿನ ಹಿಂದಿನ ದಿನ ಹೆಂಡತಿಯನ್ನೂ ತಂಗಿಯನ್ನೂ ಮಂಚದ ಎರಡು ಬದಿಗೆ ಕೂರಿಸಿಕೊಂಡು, ಗೆಡ್ಡೆಯ ಚೂರನ್ನು ಇವರ ಸಂಶೋಧನೆಗೆ ಕೊಡುವುದಾಗಿ ಸಹಿ ಹಾಕಿದ. "ನನ್ನ ತಲೇಲಿ ಏನೂ ಇಲ್ಲ ಅಂತ ಇಬ್ಬರೂ ಸೇರಿ ಆಡ್ಕೋತಿದ್ರಿ. ಈಗ ಸಿಕ್ತಲ್ಲ, ತಗೊಳ್ಳಿ," ಎಂದು ನಕ್ಕ. ನಗು ಮುಗಿದ ಮೇಲೆ ಮೆಲ್ಲಗೆ, "ಸುಮ್ಮನೆ ಇಟ್ಕೋಬೇಡಿ. ಏನಾದರೂ ಒಂದು ಉತ್ತರ ತೆಗೀರಿ ಅದರಿಂದ," ಎಂದ.

ಆ ಚೂರನ್ನು ಬಿಡಿಸಿ, ತೊಳೆದು, ಮೀಡಿಯಂ ಎಂಬ ಕೆಂಪು ದ್ರವದಲ್ಲಿಟ್ಟು ಕೋಶಗಳನ್ನು ಬೆಳೆಸಿದವಳು ನಾದಿನಿ. ಅತ್ತಿಗೆ ಆಸ್ಪತ್ರೆಯಲ್ಲಿ ಗಂಡನ ಪಕ್ಕ, ನಾದಿನಿ ಇಲ್ಲಿ ಅವನ ಕೋಶಗಳ ಪಕ್ಕ. ಒಂದಾದ ಮೇಲೊಂದು ಸೀಸೆ ಬೂಷ್ಟು ಹಿಡಿದು ಹೋಗಿ, ಕೊನೆಗೆ ಉಳಿದದ್ದು ಬೆರಳುದ್ದದ ಒಂದೇ ಸೀಸೆ. ಅದರ ಮೇಲೆ ನಂಬರು ಬರೆಯುವ ಬದಲು "ಅಣ್ಣ" ಎಂದು ಬರೆದು, ದ್ರವ ಸಾರಜನಕದ ಕೊರೆಯುವ ಚಳಿಯಲ್ಲಿ ಇಳಿಸಿಟ್ಟಿದ್ದಳು.

ಅಣ್ಣ ಹೋದ ಮೇಲೆ ಅತ್ತಿಗೆ ಬಂದು ಅದನ್ನು ಕೇಳಿದಳು. ಬೆಳೆಸಿ ಒಂದು ವಾಪಸ್ ಕೊಡ್ತೀನಿ, ಎಂದಳು. ನಾದಿನಿ ಕೊಟ್ಟಳು. ಇಂಥ ಕೋಣೆಗಳಲ್ಲಿ ಅದೊಂದು ನಡವಳಿಕೆ. ನೆರೆಮನೆಯಿಂದ ಕೆಂಡ ತಂದು ಒಲೆ ಹಚ್ಚಿಕೊಂಡವರು ಅವರ ಒಲೆ ಆರಿದಾಗ ಕೆಂಡ ಕೊಡಬೇಕು. ಕೋಶ ತಂದವರು ಬೆಳೆಸಿ, ಹೊಸದಾಗಿ ಹೆಪ್ಪುಗಟ್ಟಿಸಿ, ತಂದಷ್ಟನ್ನು ಕೊಟ್ಟವರ ಜಾಗದಲ್ಲೇ ಇಡಬೇಕು. ಬರಹವಿಲ್ಲ, ಸಾಕ್ಷಿಯಿಲ್ಲ. ಅತ್ತಿಗೆ ವಾಪಸ್ ಕೊಡಲಿಲ್ಲ. ನಾದಿನಿ ಕೇಳಿದಳು, ಇನ್ನೊಮ್ಮೆ ಕೇಳಿದಳು. ಮತ್ತೂ ಕೇಳಿದಾಗ ಅತ್ತಿಗೆ, "ನನ್ನ ಗಂಡನ್ನ ಸೀಸೆ ಲೆಕ್ಕದಲ್ಲಿ ಕೇಳ್ತೀಯಲ್ಲ, ನಾಚಿಕೆ ಆಗಲ್ವಾ?" ಎಂದಳು. ಅಲ್ಲಿಗೆ ಮುರಿಯಿತು. ಮಗನ ಮನೆಯಲ್ಲಿದ್ದ ಅಮ್ಮ ತನ್ನ ಟ್ರಂಕು ಹೊರಿಸಿಕೊಂಡು ಮಗಳ ಮನೆಗೆ ಬಂದುಬಿಟ್ಟರು. ದಿನಾ ಸಂಜೆ ಬಾಗಿಲು ತೆಗೆಯುವಾಗ ಅಮ್ಮನ ಮೊದಲ ಮಾತು ಒಂದೇ: "ಅವಕ್ಕೆ ಹೊತ್ತಿಗೆ ಸರಿಯಾಗಿ ಹಾಕ್ತಾಳೇನೇ ಅವಳು? ಇದ್ದಾಗಲೇ ಅವನಿಗೆ ಹೊತ್ತಿಗೆ ಊಟ ಹಾಕಿದವಳಲ್ಲ."

ಈಗ ವರದಿ ಒಪ್ಪಿಗೆಯಾದರೆ ಕೆಲಸ ಮುಗಿದಂತೆ. ಮುಗಿದ ಕೆಲಸದ ಕೋಶಗಳಿಗೆ ಇಲ್ಲಿ ಜಾಗವಿಲ್ಲ. ಕೋಶ ಬೆಳೆಸಿದ ಫ್ಲಾಸ್ಕುಗಳೆಲ್ಲ ಆವಿಯ ಯಂತ್ರದಲ್ಲಿ ಬೆಂದು ಕಸವಾಗುತ್ತವೆ. ಅಣ್ಣ ಕೇಳಿದ ಉತ್ತರ ಏನೆಂದು ಇನ್ನು ಯಾರೂ ಹುಡುಕುವುದಿಲ್ಲ.

ಕ್ಯಾನ್ಸರ್ ಕೋಶಗಳನ್ನು ಕೊಲ್ಲಲೆಂದು ನಾದಿನಿ ಸಾಕುವ ಪಾರ್ವೊವೈರಸ್, ವೈರಸ್ಸುಗಳಲ್ಲೆಲ್ಲ ಚಿಕ್ಕದು, ಬಡಪಾಯಿ. ಅದಕ್ಕೆ ಸ್ವಂತ ಒಲೆಯಿಲ್ಲ. ಒಂದು ಹಿಡಿ ಅಕ್ಕಿಯನ್ನು ಟವಲಿನಲ್ಲಿ ಕಟ್ಟಿಕೊಂಡು ಬಂದ ನೆಂಟನ ಹಾಗೆ ಕೋಶದೊಳಗೆ ಬಂದು ಜಗಲಿಯಲ್ಲಿ ಕೂರುತ್ತದೆ. ಕೋಶ ತನ್ನನ್ನು ತಾನು ಎರಡಾಗಿಸಿಕೊಳ್ಳಲು ತನ್ನ ವಂಶದ ದಾರವಾದ ಡಿಎನ್‌ಎಯನ್ನು ನಕಲು ಮಾಡುವ ಹೊತ್ತು ಬರಬೇಕು. ಆ ಹೊತ್ತಿನಲ್ಲಿ ಮಾತ್ರ ಹುಟ್ಟುವ ಪ್ರೋಟೀನುಗಳು ಒಲೆ ಹಚ್ಚಬೇಕು. ಆಗ ನೆಂಟ ಎದ್ದು ತನ್ನ ಅಕ್ಕಿಯನ್ನೂ ಅದೇ ಒಲೆಯಲ್ಲಿ ಬೇಯಿಸಿಕೊಳ್ಳುತ್ತಾನೆ. ಉಂಡು ಬಲಿತ ಮೇಲೆ ಮನೆಯನ್ನೇ ಒಡೆದು ಹೊರಡುತ್ತಾನೆ. ಕ್ಯಾನ್ಸರ್ ಕೋಶದ ಒಲೆ ಆರುವುದೇ ಇಲ್ಲ, ಆದ್ದರಿಂದಲೇ ಈ ನೆಂಟನಿಗೆ ಆ ಮನೆ ಇಷ್ಟ. ಹಾಗಿದ್ದಮೇಲೆ ಅಣ್ಣನ ಕೋಶಗಳಲ್ಲಿ ಏಕೆ ಸುಮ್ಮನೆ ಕೂತಿತು? ನಾದಿನಿಗೆ ತಿಳಿಯದು. ಅತ್ತಿಗೆ ತನ್ನ ಇನ್‌ಕ್ಯುಬೇಟರಿನ ಬಾಗಿಲಿಗೆ ಕೆಂಪು ಟೇಪು ಅಂಟಿಸಿದ್ದಳು. ಆ ಬೆಚ್ಚನೆಯ ಪೆಟ್ಟಿಗೆಯನ್ನು ಬೇರೆಯವರು ಮುಟ್ಟುವಂತಿರಲಿಲ್ಲ.

ಗಾಳಿ ಅದನ್ನು ಮುಟ್ಟಿಸಿತು. ಬೆಳಗಿನ ಕೆಲಸ ಶುರುವಾದ ಸ್ವಲ್ಪ ಹೊತ್ತಿಗೆ ಹೊರಗೆಲ್ಲೋ ಕಂಬ ಉರುಳಿ ಕರೆಂಟು ಹೋಯಿತು. ಜನರೇಟರು ಕೆಮ್ಮಿ ಕೆಮ್ಮಿ ಎದ್ದಿತಾದರೂ ಅದರ ತಂತಿ ಇದ್ದದ್ದು ನಾದಿನಿಯ ಇನ್‌ಕ್ಯುಬೇಟರಿಗೆ. ಅತ್ತಿಗೆಯದು ತಣ್ಣಗಾಗತೊಡಗಿತು. ತಂತಿ ಬದಲಿಸುವವನು ಗಾಳಿಯಲ್ಲಿ ಬರುವುದಿಲ್ಲವೆಂದು ಫೋನಿನಲ್ಲೇ ಕೈಚೆಲ್ಲಿದ.

ಅತ್ತಿಗೆ ಇನ್‌ಕ್ಯುಬೇಟರಿಗೆ ಬೆನ್ನು ಕೊಟ್ಟು ನಿಂತಳು. "ನಾನೇ ಸಾಗಿಸ್ತೀನಿ. ನೀನು ನಿನ್ನದರಲ್ಲಿ ಜಾಗ ಮಾಡು, ಸಾಕು."

"ಒಬ್ಬರೇ ಎಷ್ಟು ಸಲ ತಿರುಗ್ತೀರಿ? ಅಷ್ಟರಲ್ಲಿ ತಣ್ಣಗಾಗುತ್ತೆ."

"ಆಗಲಿ."

"ಅದು ನಿಮ್ಮಪ್ಪನ ಮನೆ ಆಸ್ತಿ ಅಲ್ಲ. ಸರೀರಿ."

ಇಂಥ ಮಾತು ಆಡಬಾರದಿತ್ತೆಂದು ಆಡಿದ ಮೇಲೆ ನಾದಿನಿಗೆ ಅನ್ನಿಸಿತು. ಆದರೆ ಅತ್ತಿಗೆ ಸರಿದಿದ್ದಳು. ಬಾಗಿಲು ತೆಗೆದ ನಾದಿನಿ ಹಾಗೆಯೇ ನಿಂತುಬಿಟ್ಟಳು. ಒಳಗೆ ಮೇಲಿನ ತಟ್ಟೆಯಿಂದ ಕೆಳಗಿನ ತಟ್ಟೆಯವರೆಗೆ, ಒಂದರ ಮೇಲೊಂದು, ಗೋಡೆಗೆ ಒತ್ತಿಕೊಂಡು, ಫ್ಲಾಸ್ಕೋ ಫ್ಲಾಸ್ಕು. ಒಂದು ಪ್ರಯೋಗಕ್ಕೆ ಹತ್ತು ಸಾಕು. ಇಲ್ಲಿ ಕೈ ತೂರಿಸಲು ಜಾಗವಿರಲಿಲ್ಲ. ಒಂದೊಂದರ ಮೇಲೂ ನಂಬರು, ತಾರೀಖು, ಅತ್ತಿಗೆಯ ನೆಟ್ಟಗಿನ ಅಕ್ಷರ. ಮೀಡಿಯಂ ಕೆಂಪಗಿರಬೇಕಾದದ್ದು ಹಳದಿಗೆ ತಿರುಗಿತ್ತು. ಹಸಿದ ಕೋಶಗಳು ಹುಳಿ ಬಿಟ್ಟಾಗ ಹಾಗಾಗುತ್ತದೆ.

ನಾದಿನಿ ಒಂದು ಫ್ಲಾಸ್ಕನ್ನು ಎತ್ತಿ ಮೈಕ್ರೋಸ್ಕೋಪಿನ ಕೆಳಗಿಟ್ಟಳು. ಬೇಡ, ಎಂದಳು ಅತ್ತಿಗೆ. ನಾದಿನಿ ಕಣ್ಣಿಟ್ಟಳು. ಸಂತೆಯ ಜನದಂತೆ ಕೋಶಗಳು ಹೆಗಲಿಗೆ ಹೆಗಲು ಒತ್ತಿ, ಒಂದರ ಬೆನ್ನಿನ ಮೇಲೊಂದು ಹತ್ತಿ ನಿಂತಿದ್ದವು. ಎರಡಾಗಲು ಹೊರಟ ಕೋಶ ಉರುಟಾಗಿ, ಮುತ್ತಿನಂತೆ ಹೊಳೆಯುತ್ತದೆ. ಇಡೀ ಫ್ಲಾಸ್ಕಿನಲ್ಲಿ ಒಂದು ಮುತ್ತೂ ಇರಲಿಲ್ಲ.

ಅವಳಿಗೆ ಎಲ್ಲ ತಿಳಿಯಿತು. ಕೋಶ ಬೆಳೆಸುವವರು ಕೆಲವು ದಿನಕ್ಕೊಮ್ಮೆ ಪಾಲು ಮಾಡಬೇಕು. ಸ್ವಲ್ಪವನ್ನು ಹೊಸ ಫ್ಲಾಸ್ಕಿಗೆ ಹಾಕಿ, ಮಿಕ್ಕದ್ದನ್ನು ಬ್ಲೀಚಿನಲ್ಲಿ ಚೆಲ್ಲಬೇಕು. ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಕಲಿಸುವ ಪಾಠ. ಅತ್ತಿಗೆ ಚೆಲ್ಲಿರಲಿಲ್ಲ. ಹಿಡಿಸುವಷ್ಟು ದಿನ ಮಿಕ್ಕದ್ದನ್ನೂ ಹೊಸ ಫ್ಲಾಸ್ಕಿಗೆ ತುಂಬಿದ್ದಳು. ಜಾಗ ಮುಗಿದ ಮೇಲೆ ಪಾಲು ಮಾಡುವುದನ್ನೇ ಬಿಟ್ಟಿದ್ದಳು. ಕ್ಯಾನ್ಸರಿನ ಕೋಶಕ್ಕೂ ಕೂರಲು ಜಾಗ, ಉಣ್ಣಲು ಅನ್ನ ಬೇಕು. ಅವೆರಡೂ ಇಲ್ಲದೆ ಅವು ಒಲೆ ಆರಿಸಿ ಕೂತಿದ್ದವು. ವೈರಸ್ಸು ಜಗಲಿಯಲ್ಲಿ ಕಾದು ಕಾದು ಒಣಗಿತ್ತು.

"ಯಾವಾಗಿನಿಂದ ಪಾಲು ಮಾಡಿಲ್ಲ?"

ಅತ್ತಿಗೆ ಫ್ಲಾಸ್ಕುಗಳನ್ನು ತಟ್ಟೆಗೆ ಜೋಡಿಸತೊಡಗಿದಳು.

"ನಕಲು ಮಾಡೋ ಪ್ರೋಟೀನೇ ಇಲ್ಲದ ಕೋಶಕ್ಕೆ ನನ್ನ ವೈರಸ್ ಹಾಕಿ, ಬೆಳೀಲಿಲ್ಲ ಅಂತ ಬರೆದ್ರಾ? ಇದು ನಿಮಗೆ ಗೊತ್ತಿಲ್ದೆ ಆಯ್ತಾ? ನನಗೆ ಪಾಠ ಹೇಳಿಕೊಟ್ಟವರೇ ನೀವು."

"ಎತ್ತು ಬೇಗ. ತಣ್ಣಗಾಗ್ತಾ ಇದೆ."

"ಹೇಳಿ."

"ಏನು ಹೇಳಲಿ?" ಅತ್ತಿಗೆ ತಟ್ಟೆಯನ್ನು ಮೇಜಿಗೆ ಕುಕ್ಕಿದಳು. "ಬ್ಲೀಚಿನ ಬಕೀಟು ಮುಂದಿಟ್ಕೊಂಡು ನಾನು ಕೂತ್ಕೋತೀನಿ. ಕೈ ಏಳಲ್ಲ. ವರದಿ ಹೋದ್ರೆ ಬೇರೆ ಯಾರಾದ್ರೂ ಚೆಲ್ತಾರೆ ಅಂದ್ಕೊಂಡೆ. ನೀನಾಗಿದ್ರೆ ಚೆಲ್ತಿದ್ದೆ. ನಿನಗೆ ಅವು ಕೋಶ."

"ನೀವು ಚೆಲ್ಲದೆ ಇದ್ದದ್ದಕ್ಕೆ ಅವು ಕೋಶವೂ ಅಲ್ಲ, ಅತ್ತಿಗೆ."

ಹಳೆಯ ಶಬ್ದ ಬಾಯಿ ತಪ್ಪಿ ಬಂದಿತ್ತು. ಇಬ್ಬರೂ ಕೇಳಿಸಿಕೊಂಡರು. ಇಬ್ಬರೂ ಕೇಳಿಸದವರಂತೆ ತಟ್ಟೆಗಳನ್ನು ಎತ್ತಿ ಹಿಂದೆ ಮುಂದೆ ನಡೆದರು. ಕೊನೆಯ ಫ್ಲಾಸ್ಕೂ ನಾದಿನಿಯ ಪೆಟ್ಟಿಗೆಯ ಬೆಚ್ಚಗಿಗೆ ಸೇರಿತು.

ಸಭೆಯ ಕೋಣೆಯಲ್ಲಿ ಕಿಟಕಿಗಳೆಲ್ಲ ಮುಚ್ಚಿದ್ದರೂ ಮೇಜಿನ ಮೇಲೆ ಬೆರಳಿನಲ್ಲಿ ಹೆಸರು ಬರೆಯುವಷ್ಟು ಮಣ್ಣು. ಮುಖ್ಯಸ್ಥರನ್ನು ಬೆನ್ನ ಹಿಂದೆ ಎಲ್ಲರೂ ಫುಲ್‌ಸ್ಟಾಪ್ ಎನ್ನುತ್ತಿದ್ದರು. ಯಾರ ಯಾವ ಕೆಲಸವಾದರೂ ಅವರ ಬಾಯಲ್ಲಿ ಬೇಗ ಮುಗಿಯುತ್ತಿತ್ತು. ಅತ್ತಿಗೆ ವರದಿ ಓದಿದಳು. ದನಿ ಎಲ್ಲೂ ಏರಲಿಲ್ಲ, ಇಳಿಯಲಿಲ್ಲ. ಬೆಳೆಯಲಿಲ್ಲ ಎಂಬ ಮಾತಿಗೆ ಬಂದಾಗ ನೀರು ಕುಡಿದು ಮುಂದೆ ಓದಿದಳು.

"ಸರಿ, ಮುಗೀತಲ್ಲ," ಫುಲ್‌ಸ್ಟಾಪ್ ಪೆನ್ನು ತೆಗೆದರು. ಆಮೇಲೆ ನಾದಿನಿಯ ಕಡೆ ತಿರುಗಿದರು. "ವೈರಸ್ ನಿಮ್ಮದು. ಏನಾದ್ರೂ ಹೇಳೋದಿದೆಯಾ? ಚಿಕ್ಕದಾಗಿ."

ನಾದಿನಿ ಎದ್ದು ನಿಂತಳು. "ವೈರಸ್ ಸರಿಯಾಗಿದೆ ಸರ್. ಕೋಶಗಳು ತುಂಬಿಹೋಗಿವೆ. ನಕಲು ನಿಲ್ಲಿಸಿವೆ. ಬೆಳಿಗ್ಗೆ ನೋಡಿದೆ."

"ತುಂಬಿಹೋಗಿವೆ ಅಂದ್ರೆ? ಪಾಲು ಮಾಡೋದು ಮೇಡಂಗೆ ಗೊತ್ತಿಲ್ವಾ?" ಯಾರೋ ಮೂಗಿನಲ್ಲಿ ನಕ್ಕರು. "ಯಾಕೆ ಹಾಗಾಯ್ತು?"

ಒಂದು ಕ್ಷಣ ನಾದಿನಿಯ ಮುಂದೆ ಅತ್ತಿಗೆಯ ಮಾನ ಉಳಿಸುವ ಎರಡು ದಾರಿಗಳಿದ್ದವು. ಇನ್‌ಕ್ಯುಬೇಟರ್ ಕೆಟ್ಟಿತ್ತು ಎನ್ನಬಹುದಿತ್ತು, ಕೆಲಸದವರು ಕಡಿಮೆ ಎನ್ನಬಹುದಿತ್ತು. ಅವಳ ಎದೆಯಲ್ಲಿ ಎರಡು ವರ್ಷದ ಕಹಿ ಇತ್ತು, ಅಮ್ಮನ ಟ್ರಂಕಿತ್ತು, ಸೀಸೆಯ ಲೆಕ್ಕ ಎಂಬ ಮಾತಿತ್ತು. ಮನುಷ್ಯನ ನಾಲಿಗೆಯನ್ನು ದೇವರು ಹಲ್ಲಿನ ಹಿಂದೆ ಇಟ್ಟಿದ್ದು ಸುಮ್ಮನೆ ಅಲ್ಲ. ಆದರೆ ಆ ಬೇಲಿ ಎಲ್ಲರನ್ನೂ ಎಲ್ಲ ಹೊತ್ತೂ ತಡೆಯುವುದಿಲ್ಲ.

"ಅವರನ್ನೇ ಕೇಳಿ ಸರ್," ಎಂದು ಕೂತುಬಿಟ್ಟಳು.

ಎಲ್ಲರೂ ಅತ್ತಿಗೆಯ ಕಡೆ ನೋಡಿದರು. ಅವಳು ವರದಿಯ ಹಾಳೆಗಳನ್ನು ಮೇಜಿಗೆ ಕುಟ್ಟಿ ಅಂಚು ಸರಿಮಾಡಿ, ಅಡ್ಡಕ್ಕೆ ಹರಿದಳು.

"ನಾನು ಚೆಲ್ಲಲಿಲ್ಲ," ಎಂದಳು. "ಕೈ ಬರಲಿಲ್ಲ. ತಪ್ಪು ನನ್ನದು. ವರದಿ ವಾಪಸ್ ತಗೋತೀನಿ. ಮತ್ತೆ ಮಾಡಿ ತೋರಿಸ್ತೀವಿ."

ನಕ್ಕವರು ತಲೆ ತಗ್ಗಿಸಿದರು. ಫುಲ್‌ಸ್ಟಾಪ್ ಪೆನ್ನಿನ ಮುಚ್ಚಳ ಹಾಕಿದರು. ಅವರಿಗೂ ಆ ಡ್ರಾಯಿಂಗ್ ಮೇಷ್ಟ್ರ ಗುರುತಿತ್ತು. "ಆಯ್ತು. ಇನ್ನೊಂದು ತಿಂಗಳು," ಎಂದಷ್ಟೇ ಹೇಳಿ ಎದ್ದರು.

ಕಾರಿಡಾರಿನಲ್ಲಿ ಅತ್ತಿಗೆ ನಾದಿನಿಯನ್ನು ದಾಟಿ ಹೋಗುವಾಗ ನಿಲ್ಲದೆಯೇ ಹೇಳಿದಳು. "ಎಲ್ಲರ ಮುಂದೆ ನನ್ನ ಬಾಯಿಂದಲೇ ಹೇಳಿಸಿದೆ. ನಿಮ್ಮಮ್ಮನಿಗೆ ಹೋಗಿ ಹೇಳು. ಈವತ್ತು ರಾತ್ರಿ ಊಟ ಸೇರುತ್ತೆ ಅವರಿಗೆ."

ನಾದಿನಿ ಅಮ್ಮನಿಗೆ ಹೇಳಲಿಲ್ಲ. ಸಂಜೆ ಅಮ್ಮ ಎಂದಿನಂತೆ ಕೇಳಿದಾಗ, "ಜಾಸ್ತಿನೇ ಜೋಪಾನ ಮಾಡ್ತಿದ್ರು ಅಮ್ಮ," ಎಂದಳು. ಅಮ್ಮ ಮಗಳ ಮುಖ ನೋಡಿದರು. ಏನೋ ಅನ್ನಲು ಬಾಯಿ ತೆಗೆದವರು ಬಾಗಿಲ ಚಿಲಕ ಹಾಕಲು ಹೋದರು.

ಮರುದಿನ ಗಾಳಿ ನಿಂತಿತ್ತು. ಅತ್ತಿಗೆ ಬೇಗ ಬಂದು, ಗಾಳಿ ಸೋಸುವ ಗಾಜಿನ ಗೂಡಾದ ಹುಡ್ಡಿನ ಮುಂದೆ ಕೂತು, ಬ್ಲೀಚಿನ ಬಕೀಟನ್ನು ಕಾಲ ಬಳಿ ಇಟ್ಟುಕೊಂಡಿದ್ದಳು. ನಾದಿನಿ ತನ್ನ ಹುಡ್ಡಿನಲ್ಲಿ ಕೂತು ತನ್ನ ಕೆಲಸ ಮಾಡುತ್ತಿದ್ದಳು. ಬೆನ್ನಿಗೆ ಬೆನ್ನು. ನಡುವೆ ಫ್ಯಾನಿನ ಗುಂಯ್ ಸದ್ದು.

"ನಾನು ಮಾಡ್ಲಾ?" ತಿರುಗದೆಯೇ ಕೇಳಿದಳು ನಾದಿನಿ.

"ನೀನು ಕೈ ಹಾಕಬೇಡ."

ಆಮೇಲೆ ನೀರು ಬಿದ್ದ ಸದ್ದು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. ನಾದಿನಿ ಎಣಿಸಲಿಲ್ಲ. ಒಮ್ಮೆ ಮಾತ್ರ ಪಿಪೆಟ್ಟಿನ ಪೊಟ್ಟಣ ತರಲು ಎದ್ದಾಗ ಕಣ್ಣು ಬಿತ್ತು. ಅತ್ತಿಗೆ ಫ್ಲಾಸ್ಕನ್ನು ಬೋರಲು ಹಿಡಿದು ಕೊನೆಯ ಹನಿಯವರೆಗೆ ಕಾಯುತ್ತಿದ್ದಳು. ಹಳದಿ ದ್ರವ ಬಕೀಟಿನಲ್ಲಿ ಬಿದ್ದೊಡನೆ ಬಣ್ಣ ಕಳೆದುಕೊಂಡು ಬರಿಯ ನೀರಾಗುತ್ತಿತ್ತು. ತುಟಿಯ ಬಳಿ ಅವಳ ಮಾಸ್ಕು ಅಲುಗುತ್ತಿತ್ತು, ಪ್ರಾರ್ಥನೆಯೋ, ಬೈಗಳೋ. ಮಾಸ್ಕಿನ ಮೇಲಿನ ಕಣ್ಣುಗಳಲ್ಲಿ ನಾದಿನಿಗೆ ನೀರು ಕಾಣಲಿಲ್ಲ. ಕಂಡದ್ದು ದ್ವೇಷ ಎಂದೇ ಅವಳು ತಿಳಿದಳು, ಇರಲೂಬಹುದು.

ಜಾಗ ಸಿಕ್ಕ ಕೋಶಗಳು ಮೊದಲೆರಡು ದಿನ ನಂಬದವರಂತೆ ಸುಮ್ಮನಿದ್ದವು. ಆಮೇಲೆ ಒಂದೊಂದಾಗಿ ಮುತ್ತುಗಳು ಕಂಡವು. ಅತ್ತಿಗೆ ಮೂರು ತಟ್ಟೆ ಸಿದ್ಧಮಾಡಿದಳು. ಒಂದರಲ್ಲಿ ಕೋಶಗಳನ್ನು ಮೊದಲಿನಂತೆ ಒತ್ತೊತ್ತಾಗಿ ಬಿಟ್ಟಳು. ಇನ್ನೊಂದರಲ್ಲಿ ಆರಾಮವಾಗಿ ಕೂರಿಸಿದಳು. ಮೂರನೆಯದರಲ್ಲಿ ಜಾಗವನ್ನೂ ಅನ್ನವನ್ನೂ ಕೊಟ್ಟು, ನಕಲಿಗೆ ಚಾಲನೆ ಕೊಡುವ ಸೈಕ್ಲಿನ್ ಎಂಬ ಪ್ರೋಟೀನು ಹುಟ್ಟದಂತೆ ಮಾತ್ರ ತಡೆದಳು. ನಾದಿನಿ ವೈರಸ್ಸಿನ ಕೊಳವೆಯನ್ನು ಮೇಜಿನ ಮೇಲಿಟ್ಟಳು, ಕೈಗೆ ಕೊಡಲಿಲ್ಲ. ಅತ್ತಿಗೆ ಮೇಜಿನಿಂದ ಎತ್ತಿಕೊಂಡಳು.

ನೋಡುವ ದಿನ ಕತ್ತಲೆ ಕೋಣೆಯ ಮೈಕ್ರೋಸ್ಕೋಪಿನ ಮುಂದೆ ಇಬ್ಬರಿಗೂ ಒಂದೇ ಸ್ಟೂಲು. ಅತ್ತಿಗೆ ಮೊದಲು ಕೂತಳು. ಒತ್ತೊತ್ತಾದ ತಟ್ಟೆ, ಕತ್ತಲು. ಪ್ರೋಟೀನು ತಡೆದ ತಟ್ಟೆ, ಕತ್ತಲು. ನಡುವಿನದನ್ನು ಇಟ್ಟಾಗ ಅವಳ ಕೈ ಗುಂಡಿಯ ಮೇಲೆಯೇ ನಿಂತಿತು. ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. ನಾದಿನಿ ಗೋಡೆಗೆ ಒರಗಿ ನಿಂತಳು.

"ನೋಡು," ಎಂದು ಅತ್ತಿಗೆ ಎದ್ದಳು.

ಕೋಶದ ನಡುಮನೆಯಲ್ಲಿ ಬಣ್ಣ ಹಚ್ಚಿದ ವೈರಸ್ಸಿನ ಕೆಂಪು ಚುಕ್ಕಿಗಳು. ಅಣ್ಣನ ಕೋಶದ ನಕಲಿನ ಪ್ರೋಟೀನಿಗೆ ಅತ್ತಿಗೆ ಹಚ್ಚಿದ್ದ ಬಣ್ಣ ಹಸಿರು. ಅದು ಕೆಂಪಿನ ಸುತ್ತಲೇ ಹೋಗಿ ಸೇರಿ, ಎರಡೂ ಕೂಡಿದ ಕಡೆಯೆಲ್ಲ ಹಳದಿಯ ದೀಪಗಳು. ಕೆಲವು ಮನೆಗಳು ಆಗಲೇ ಒಡೆದು ಚೂರಾಗಿದ್ದವು.

"ಸಾಯ್ತಾ ಇವೆ," ಅತ್ತಿಗೆ ಕತ್ತಲಿನಲ್ಲಿ ಹೇಳಿದಳು.

"ಹ್ಞೂಂ. ಬೆಳೀತಿದೆ."

"ಅವರಿಗೆ ತಡ ಆಯ್ತು."

ನಾದಿನಿಗೆ ಒಂದು ಒಳ್ಳೆಯ ಮಾತು ಹುಡುಕಿದರೂ ಸಿಗಲಿಲ್ಲ. ಕೆಟ್ಟ ಮಾತುಗಳು ಮಾತ್ರ ನಾಲಿಗೆಯ ತುದಿಗೆ ಬಂದು ರೂಢಿಯಾಗಿದ್ದವು. ಅತ್ತಿಗೆಯೂ ಕಾಯದೆ ಬಾಗಿಲು ತೆಗೆದು ಹೋದಳು. ಕಾರಿಡಾರಿನ ಬೆಳಕು ಒಳಗೆ ಬಿದ್ದು ತಟ್ಟೆಯ ದೀಪಗಳು ಮಂಕಾದವು.

ಹೊಸ ವರದಿ ಹೋಯಿತು. ಫುಲ್‌ಸ್ಟಾಪ್ ಸಹಿ ಹಾಕಿ, ಕೆಲಸ ಮುಂದುವರಿಯಲಿ ಎಂದು ಬರೆದರಂತೆ. ಅದು ಆ ಮಹಡಿಯಲ್ಲಿ ಕೆಲವು ದಿನ ನಗೆಯ ಮಾತಾಯಿತು. ಕೆಂಪು ಟೇಪು ಇನ್‌ಕ್ಯುಬೇಟರಿನ ಮೇಲೆ ಹಾಗೆಯೇ ಇತ್ತು. "ಮೇಡಂ" ಹಾಗೆಯೇ ಇತ್ತು. ಬಾಗಿಲ ಬುಡದ ಬಟ್ಟೆಯನ್ನು ಮಾತ್ರ, ನಾದಿನಿ ತಡವಾಗಿ ಬಂದ ದಿನ, ಯಾರೋ ಒದ್ದೆಮಾಡಿ ಇಟ್ಟಿರುತ್ತಿದ್ದರು.

ಒಂದು ಮಧ್ಯಾಹ್ನ ನಾದಿನಿ ವೈರಸ್ಸಿನ ಕೊಳವೆ ತೆಗೆಯಲೆಂದು ದ್ರವ ಸಾರಜನಕದ ಪೀಪಾಯಿಯ ಬಳಿ ಬಂದಾಗ ಅತ್ತಿಗೆ ಅಲ್ಲಿ ದಪ್ಪ ಗವುಸು ತೊಟ್ಟು ನಿಂತಿದ್ದಳು. ಮುಚ್ಚಳ ತೆರೆದಿತ್ತು, ಬಿಳಿಯ ಹಬೆ ಅಂಚಿನಿಂದ ಉಕ್ಕಿ ಅವಳ ಪಾದದ ಮೇಲೆ ಇಳಿಯುತ್ತಿತ್ತು. ನಾದಿನಿಯ ಸೀಸೆಗಳ ಜಾಗವಾದ ಕೆಳಗಿನ ಚೌಕವನ್ನು ಮೇಲೆತ್ತಿ, ಅದರ ಖಾಲಿ ಮೂಲೆಯಲ್ಲಿ ಏನನ್ನೋ ಕೂರಿಸುತ್ತಿದ್ದಳು. ನಾದಿನಿಯನ್ನು ಕಂಡು ಅವಸರವೇನೂ ಮಾಡಲಿಲ್ಲ. ಕೆಲಸ ಮುಗಿಸಿ, ಚೌಕವನ್ನು ಹಬೆಯೊಳಗೆ ಬಿಡದೆ ಕೈಯಲ್ಲೇ ಹಿಡಿದು ಅವಳ ಕಡೆ ಚಾಚಿದಳು.

"ಬೇಗ ನೋಡಿ ಇಳಿಸು. ಕರಗುತ್ತೆ," ಎಂದು ಗವುಸು ಬಿಚ್ಚುತ್ತ ನಡೆದಳು.

ಮೂಲೆಯಲ್ಲಿ ಬೆರಳುದ್ದದ ಒಂದು ಸೀಸೆ. ಮೈಯೆಲ್ಲ ಆಗಲೇ ಹಿಮದ ಪುಡಿ ಹಿಡಿದಿತ್ತು. ನಾದಿನಿ ಗವುಸಿನ ಹೆಬ್ಬೆರಳಿನಿಂದ ಒರೆಸಿದಳು. ನಂಬರಿರಲಿಲ್ಲ. ಅತ್ತಿಗೆಯ ನೆಟ್ಟಗಿನ ಅಕ್ಷರದಲ್ಲಿ, ಅವಳು ಬದುಕಿನಲ್ಲಿ ಎಂದೂ ಅವನನ್ನು ಕರೆದಿರದ ಹೆಸರಿನಲ್ಲಿ, "ಅಣ್ಣ" ಎಂದು ಬರೆದಿತ್ತು. ಒರೆಸಿದ ಜಾಗಕ್ಕೆ ಹಿಮ ಮತ್ತೆ ಮೆಲ್ಲಗೆ ಹಬ್ಬುತ್ತ ಬಂತು. ಅಕ್ಷರ ಪೂರ್ತಿ ಮುಚ್ಚುವ ಮೊದಲು ಅವಳು ಚೌಕವನ್ನು ಹಬೆಯೊಳಗೆ ಇಳಿಸಿ, ಮುಚ್ಚಳ ಹಾಕಿದಳು.